ಗಟ್ಟಿ ಮೊಸರು, ನೀರು ಮಜ್ಜಿಗೆ



ಹೋದ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ವಿಷಯ ಬರೆದಿದ್ದ ನಾನು ಈ ಸಲ ಜಪಾನಿನ ಬೊಂಬೆ ಚಿತ್ರಗಳ ಬಗ್ಗೆ ಬರೆಯುತ್ತೇನೆ ಅಂದರೆ "ಇವಳಿಗೇನಾಯ್ತಪ್ಪಾ!" ಅಂತ ಹುಬ್ಬೇರಿಸುತ್ತೀರಿ. ಏರಿಸಿ, ಪರವಾಗಿಲ್ಲ. ನಮ್ಮ ಅತ್ತೆಯವರೂ ಏರಿಸಿದರು, ಯಜಮಾನರೂ ಏರಿಸಿದರು. ನಲವತ್ತನಾಲ್ಕು ವರ್ಷದ ಹೆಂಗಸು, ಕಾಲೇಜಿಗೆ ಹೋಗುವ ಮಗಳಿರುವವಳು, ಬೆಂಗಳೂರಿಗೆ ಹೋಗಿ ಮೈಕಿನ ಮುಂದೆ ನಿಂತು ಬೊಂಬೆ ಚಿತ್ರದ ವಿಮರ್ಶೆ ಮಾಡಿ ಬಂದಳು ಅಂದರೆ ಯಾರಿಗೆ ತಾನೇ ನಗು ಬಾರದು?

ಇವಕ್ಕೆ 'ಅನಿಮೆ' ಅನ್ನುತ್ತಾರೆ. 'ಆನಿಮೇಷನ್' ಅನ್ನುವ ಇಂಗ್ಲಿಷ್ ಮಾತನ್ನೇ ಜಪಾನಿನವರು ಮೊಟಕು ಮಾಡಿಕೊಂಡಿದ್ದಾರೆ. ನಮ್ಮ ವಯಸ್ಸಿನವರಿಗೆ ಇದು ಹೊಸದೂ ಅಲ್ಲ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಮೌಗ್ಲಿ ಬರುತ್ತಿತ್ತಲ್ಲ, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಸ್ನಾನಕ್ಕೆ ಕರೆದರೂ ಏಳದೆ ಕೂತಿರುತ್ತಿದ್ದೆವಲ್ಲ, ಅದು 1989ರಲ್ಲಿ ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆ ಮಾಡಿದ್ದು. ನನಗೂ ಇದು ಗೊತ್ತಾದದ್ದು ಮೊನ್ನೆ ಮೊನ್ನೆ. ಅತ್ತೆಯವರ ಬಾಯಿ ಕಟ್ಟಿಸಿದ್ದು ಮಾತ್ರ ರಾಮಾಯಣ. ಯುಗೊ ಸಾಕೊ ಎಂಬ ಜಪಾನಿನವರೂ ನಮ್ಮ ರಾಮ್ ಮೋಹನ್ ಅವರೂ ಸೇರಿ ಮಾಡಿದ ಆ ಚಿತ್ರ 2025ರ ಜನವರಿಯಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಮತ್ತೆ ಬಂತು. "ಇದೂ ಅದೇ ಜಾತಿಯದು" ಅಂದೆ. ಅಂದಿನಿಂದ ಅವರು ಸುಮ್ಮನಾಗಿದ್ದಾರೆ.

ನನಗೆ ಈ ಹುಚ್ಚು ಹತ್ತಿದ್ದು ಅವರೆಕಾಯಿ ಸುಲಿಯುವಾಗ. ಮಗಳು ಪಕ್ಕದಲ್ಲಿ ಕೂತು 'ಸ್ಪಿರಿಟೆಡ್ ಅವೇ' ಅನ್ನುವ 2001ರ ಚಿತ್ರ ನೋಡುತ್ತಿದ್ದಳು. ಅದರಲ್ಲಿ ಚಿಹಿರೋ ಎಂಬ ಹತ್ತು ವರ್ಷದ ಹುಡುಗಿ ದೆವ್ವಗಳ ಲೋಕದಲ್ಲಿ ಸಿಕ್ಕಿಬಿದ್ದಿದ್ದಾಳೆ. ಅಪ್ಪ ಅಮ್ಮ ಹಂದಿಗಳಾಗಿಬಿಟ್ಟಿದ್ದಾರೆ. ಆಗೆಲ್ಲ ಗಟ್ಟಿಯಾಗಿದ್ದ ಹುಡುಗಿ, ಒಬ್ಬ ಹುಡುಗ ಅನ್ನದ ಉಂಡೆ ಕೊಟ್ಟು "ತಿನ್ನು" ಅಂದಾಗ ಒಂದು ತುತ್ತು ಕಚ್ಚುತ್ತಾಳೆ. ಆಮೇಲೆ ದಪ್ಪ ದಪ್ಪ ಹನಿಯಾಗಿ ಅಳು ಶುರು. ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಅದು ಕೈತುತ್ತಲ್ಲವೇ? ಒನಿಗಿರಿ ಅಂತಾರಂತೆ ಅವರು. ಒದ್ದೆ ಕೈಗೆ ಉಪ್ಪು ಸವರಿಕೊಂಡು ಬಿಸಿ ಅನ್ನವನ್ನು ಒತ್ತಿ ಮಾಡುವುದು. (ನಮ್ಮ ಸೋನಾ ಮಸೂರಿಯಲ್ಲಿ ಮಾಡಿ ನೋಡಿದೆ, ಉದುರಿ ಹೋಯಿತು. ಅಂಟುವ ಗಿಡ್ಡ ಅಕ್ಕಿಯೇ ಬೇಕು.)

ಅಲ್ಲಿಂದ ರಾತ್ರಿ ಪಾತ್ರೆ ತೊಳೆದಾದ ಮೇಲೆ ದಿನಾ ಒಂದು ತಾಸು ನೋಡತೊಡಗಿದೆ. ನನ್ನದು ಎಸ್.ಎಸ್.ಎಲ್.ಸಿ. ಇಂಗ್ಲಿಷು. ಕೆಳಗಿನ ಸಾಲು ಓಡಿಬಿಡುತ್ತಿತ್ತು, ಮಗಳು ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಳು. ನೋಡಿದ್ದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ. ವಿಮರ್ಶೆ ಅಂತ ದೊಡ್ಡ ಹೆಸರು ಬೇಡ. ನಾನು ನೋಡುವುದು ಇಷ್ಟೇ: ಈ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಮೊದಲು ಯಾರಿಗೆ ಬಡಿಸುತ್ತಾರೆ, ಕಡೆಯಲ್ಲಿ ಯಾರಿಗೆ ಉಳಿಯುತ್ತದೆ. ಮಗಳು ಅದನ್ನು ಗೆಳತಿಯರಿಗೆ ಓದಿ ಹೇಳಿದಳು. ಒಬ್ಬರಿಂದ ಒಬ್ಬರಿಗೆ ಹೋಗಿ, ಕೊನೆಗೆ ಬೆಂಗಳೂರಿನ ಒಂದು ಅಭಿಮಾನಿಗಳ ಮೇಳದವರು "ಆಂಟಿ, ಇಪ್ಪತ್ತು ನಿಮಿಷ ಮಾತಾಡ್ತೀರಾ?" ಅಂತ ಕೇಳಿದರು.

ಯಜಮಾನರು "ಚಿಕ್ಕ ಹುಡುಗರ ಮಧ್ಯೆ ನಿನಗೇನು ಕೆಲಸ?" ಅಂದರು. ಮಗಳು ಹೇಳಿಕೊಟ್ಟದ್ದನ್ನೇ ತಿರುಗಿಸಿ ಹೇಳಿದೆ: ಟೋಕಿಯೋದಲ್ಲಿ ಈಗ ಲಕ್ಷಗಟ್ಟಲೆ ಜನ ಸೇರುವ 'ಕಾಮಿಕ್ ಮಾರ್ಕೆಟ್' ಮೇಳ 1975ರ ಡಿಸೆಂಬರಿನಲ್ಲಿ ಮೊದಲ ಸಲ ನಡೆದಾಗ ಬಂದವರು ಸುಮಾರು 700 ಮಂದಿ, ಅವರಲ್ಲಿ ಬಹುಪಾಲು ಶಾಲೆಗೆ ಹೋಗುವ ಹೆಣ್ಣುಮಕ್ಕಳು. ಅವರೆಲ್ಲ ಈಗ ನನಗಿಂತ ದೊಡ್ಡವರಾಗಿರಬೇಕು ಅಂದೆ. ಅವರಿಗೆ ಉತ್ತರ ಹೊಳೆಯಲಿಲ್ಲ.

ಮೇಳದ ಸೊಬಗನ್ನು ಏನಂತ ಹೇಳಲಿ! ನೀಲಿ ಕೂದಲಿನ ಹುಡುಗಿ, ಬೆನ್ನಿಗೆ ರಟ್ಟಿನ ಕತ್ತಿ ಕಟ್ಟಿಕೊಂಡು ಬೋಂಡಾ ತಿನ್ನುತ್ತಿದ್ದಳು. ಹುಡುಗನೊಬ್ಬ ತಾನೇ ಹೊಲಿದ ಕೋಟು ಹಾಕಿದ್ದ. ಕಾಲರಿಗೆ ಕ್ಯಾನ್ವಾಸ್ ಇಟ್ಟು ಎಷ್ಟು ನೀಟಾಗಿ ಹೊಲಿದಿದ್ದ ಅಂತೀರಿ! ಹದಿನೆಂಟು ವರ್ಷ ಮನೆಯಲ್ಲಿ ಬ್ಲೌಸ್ ಹೊಲಿದ ನನಗೇ ನಾಚಿಕೆಯಾಯಿತು. ಮಧ್ಯದಲ್ಲಿ ಇಳಕಲ್ ಸೀರೆ ಉಟ್ಟ ನಾನು. "ಆಂಟಿ, ನೀವು ಯಾವ ಪಾತ್ರ?" ಅಂತ ಒಬ್ಬಳು ಕೇಳಿಯೇಬಿಟ್ಟಳು.

ಸಝಾಎ-ಸಾನ್ ಅಂತ ಹೇಳಬೇಕಿತ್ತು, ಆಗ ಹೊಳೆಯಲಿಲ್ಲ. 1946ರಲ್ಲಿ ಮಚಿಕೊ ಹಸೆಗಾವಾ ಎಂಬ ಹೆಣ್ಣುಮಗಳು ಪತ್ರಿಕೆಗೆ ಬರೆಯತೊಡಗಿದ ಚಿತ್ರಕಥೆಯ ನಾಯಕಿ ಆಕೆ, ನಮ್ಮ ಹಾಗೇ ಗೃಹಿಣಿ. ಗಂಡ ಮಗುವಿನೊಂದಿಗೆ ತವರುಮನೆಯಲ್ಲೇ ಇದ್ದಾಳೆ. 1969ರಿಂದ ಭಾನುವಾರ ಸಂಜೆ ಟೀವಿಯಲ್ಲಿ ಬರುತ್ತಲೇ ಇದ್ದಾಳೆ. ಅದು ಮುಗಿದ ಕೂಡಲೇ "ಅಯ್ಯೋ, ನಾಳೆ ಸೋಮವಾರ" ಅಂತ ಅಲ್ಲಿನವರಿಗೆ ಬೇಜಾರು ಹಿಡಿಯುತ್ತದಂತೆ. ಆ ಬೇಜಾರಿಗೂ ಅವಳದೇ ಹೆಸರಿಟ್ಟಿದ್ದಾರೆ!

ವೇದಿಕೆ ಹತ್ತಿ ಮೊದಲ ಮಾತಿನಲ್ಲೇ ಎಡವಿದೆ. 'ಹೈಡಿ' ಧಾರಾವಾಹಿಯನ್ನು ಸ್ಟುಡಿಯೋ ಘಿಬ್ಲಿಯದು ಅಂದುಬಿಟ್ಟೆ. ಹಿಂದಿನ ಸಾಲಿನ ಹುಡುಗ ಎದ್ದು, "ಹೈಡಿ 1974, ಘಿಬ್ಲಿ ಶುರುವಾದದ್ದು 1985, ಆಂಟಿ" ಅಂದ. ಟಕಹಾಟ, ಮಿಯಾಜಾಕಿ ಇಬ್ಬರೂ ಹೈಡಿಗೆ ಕೆಲಸ ಮಾಡಿದ್ದರಿಂದ ನನಗೆ ಗೊಂದಲ. ತಪ್ಪಾಯ್ತಪ್ಪಾ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೈ ನಡುಕ ನಿಂತಿತು.

ನಾನು ಆರಿಸಿಕೊಂಡ ವಿಷಯ ಅನ್ನ. ಚಿಹಿರೋಳ ಉಂಡೆ ಹೇಳಿದೆ. 'ಮೈ ನೇಬರ್ ಟೊಟೊರೊ'ದಲ್ಲಿ ಅಮ್ಮ ಆಸ್ಪತ್ರೆಯಲ್ಲಿರುವಾಗ ದೊಡ್ಡ ಹುಡುಗಿ ಬೆಳಿಗ್ಗೆ ಎದ್ದು ಅಪ್ಪನಿಗೂ ತಂಗಿಗೂ ಊಟದ ಡಬ್ಬಿ ಕಟ್ಟುವುದನ್ನು ಹೇಳಿದೆ. ತೋಟದ ಜೋಳದ ತೆನೆ ತಿಂದರೆ ಅಮ್ಮ ಗುಣವಾಗುತ್ತಾಳೆ ಅಂತ ಪುಟ್ಟ ತಂಗಿ ಅದನ್ನು ಅವುಚಿಕೊಂಡು ಒಬ್ಬಳೇ ಹೊರಡುತ್ತಾಳಲ್ಲ, ಅದನ್ನೂ ಹೇಳಿದೆ. ಆಮೇಲೆ ಬಂತು 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ಟೊಟೊರೊ ಜೊತೆಗೇ 1988ರ ಏಪ್ರಿಲ್‌ನಲ್ಲಿ ಒಂದೇ ದಿನ ಬಿಡುಗಡೆಯಾದ ಚಿತ್ರ. ಸೋದರಿಯರೇ, ಬೊಂಬೆ ಚಿತ್ರ ತಾನೇ ಅಂತ ಇದನ್ನು ಐದು ವರ್ಷದ ಮಗುವಿನ ಮುಂದೆ ಹಚ್ಚಿಟ್ಟು ಒಲೆಯ ಹತ್ತಿರ ಹೋಗಬೇಡಿ.

1945, ಕೋಬೆ ಊರು. ಬಾಂಬು ಬಿದ್ದು ತಾಯಿ ಸತ್ತಿದ್ದಾಳೆ. ಹದಿನಾಲ್ಕರ ಅಣ್ಣ, ನಾಲ್ಕರ ತಂಗಿ ದೂರದ ಸಂಬಂಧದ ಹೆಂಗಸಿನ ಮನೆ ಸೇರುತ್ತಾರೆ. ಆಕೆ ಸತ್ತ ತಾಯಿಯ ಕಿಮೋನೋಗಳನ್ನು ಮಾರಿಸಿ ಅಕ್ಕಿ ತರಿಸುತ್ತಾಳೆ. ಆ ಅಕ್ಕಿಯ ಅನ್ನ ದುಡಿಯುವ ಸ್ವಂತ ಮಗಳಿಗೆ, ಈ ಮಕ್ಕಳಿಗೆ ತಿಳಿ ಗಂಜಿ. ಅವಮಾನ ತಾಳದೆ ಹುಡುಗ ಬೇರೆ ಒಲೆ ಹೂಡುತ್ತಾನೆ. ಕೊನೆಗೆ ತಂಗಿಯನ್ನು ಕರೆದುಕೊಂಡು ಮನೆಯನ್ನೇ ಬಿಡುತ್ತಾನೆ. ಮುಂದಿನದನ್ನು ನಾನು ಬರೆಯಲಾರೆ.

ನೋಡಿದವರೆಲ್ಲ ಆ ಹೆಂಗಸನ್ನು ಶಪಿಸುತ್ತಾರೆ. ನನ್ನ ಮಗಳಂತೂ "ರಾಕ್ಷಸಿ" ಅಂದಿದ್ದಳು. ಡಬ್ಬಿಯ ತಳ ಕಂಡಾಗ ಅಳತೆ ಮಾಡುವ ಕೈ ಹೇಗೆ ಬಿಗಿಯುತ್ತದೆ ಅನ್ನುವುದನ್ನು ಹೇಳಬೇಕೆಂದು ಬರೆದುಕೊಂಡು ಹೋಗಿದ್ದೆ. ಹೇಳುತ್ತಾ ಹೇಳುತ್ತಾ ಬರೆದುಕೊಳ್ಳದೆ ಇದ್ದದ್ದೂ ಬಾಯಿಗೆ ಬಂದುಬಿಟ್ಟಿತು.

2020ರಲ್ಲಿ ಯುಗಾದಿಗೆಂದು ನಮ್ಮ ಮೈದುನನ ಮಕ್ಕಳಿಬ್ಬರು ಮುಂಚೆಯೇ ಬಂದಿದ್ದರು. ಹಬ್ಬದ ದಿನವೇ ದೇಶಕ್ಕೆ ಬೀಗ ಬಿತ್ತಲ್ಲ, ಎರಡು ತಿಂಗಳಿಗೂ ಮಿಕ್ಕಿ ಇಲ್ಲೇ ಉಳಿದರು. ನಮ್ಮ ಬಟ್ಟೆ ಅಂಗಡಿ ಮುಚ್ಚಿತ್ತು, ಕೈಯಲ್ಲಿ ಕಾಸಿರಲಿಲ್ಲ. ಹಾಲು ಅರ್ಧ ಲೀಟರಿಗೆ ಇಳಿಸಿದ್ದೆ. ಮಗಳಿಗೆ ಗಟ್ಟಿ ಮೊಸರು ಬಡಿಸುತ್ತಿದ್ದೆ. ಉಳಿದದ್ದಕ್ಕೆ ಚೆನ್ನಾಗಿ ನೀರು ಹಾಕಿ ಕಡೆದು ಆ ಮಕ್ಕಳಿಗೆ. ಮಗಳ ತಟ್ಟೆ ಕಾಣದಿರಲೆಂದು ಅವಳನ್ನು ಒಳಗೆ ಕೂರಿಸುತ್ತಿದ್ದೆ. ಒಂದು ದಿನ ಹನ್ನೊಂದು ವರ್ಷದ ಆ ಹುಡುಗ ನೀರಿಗೆಂದು ಒಳಗೆ ಬಂದು ನೋಡಿದ. ನನ್ನ ಮುಖವನ್ನೂ ನೋಡಿದ. "ನಂಗೆ ಮಜ್ಜಿಗೇನೇ ಇಷ್ಟ ದೊಡ್ಡಮ್ಮ" ಅಂದು ಹೊರಗೆ ಹೋದ.

ಇಷ್ಟನ್ನು ಮೈಕಿನಲ್ಲಿ ಹೇಳಿದೆ. ಮೊದಲ ಸಾಲಿನಲ್ಲಿ ಕೂತಿದ್ದ ಮಗಳು ತಲೆ ತಗ್ಗಿಸಿದಳು. ಆ ಚಿತ್ರದ ಮೂಲ ಕಥೆಯನ್ನು 1967ರಲ್ಲಿ ಬರೆದ ಅಕಿಯುಕಿ ನೊಸಾಕಾ, ಯುದ್ಧದ ಕಾಲದಲ್ಲಿ ತನ್ನ ಪುಟ್ಟ ತಂಗಿ ಹಸಿವಿನಿಂದ ಸತ್ತಳೆಂದೂ ಅವಳಿಗೆ ಕೊಡಬೇಕಾದದ್ದನ್ನು ತಾನೇ ತಿಂದೆನೆಂದೂ ಕೊರಗಿದವರು. ಅದನ್ನು ಹೇಳಿ ಕೆಳಗಿಳಿದೆ. ಯಾರೂ ಪ್ರಶ್ನೆ ಕೇಳಲಿಲ್ಲ. ಕೋಟಿನ ಹುಡುಗ ನೀರಿನ ಬಾಟಲಿ ತಂದುಕೊಟ್ಟ.

ಬಸ್ಸಿನಲ್ಲಿ ಮಗಳು ತುಮಕೂರು ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ, "ನೀನು ಹೇಳಿದ್ದು ಸರಿ. ಆದರೂ ಆ ಹೆಂಗಸು ಮಾಡಿದ್ದು ತಪ್ಪೇ" ಅಂದಳು. ಹೌದು ಅಂದೆ.

ಮೈದುನನ ಮಗ ಈಗ ನನಗಿಂತ ಎತ್ತರ ಬೆಳೆದಿದ್ದಾನೆ. ಮಗಳು ಫೋನಿನಲ್ಲಿ ಹಿಡಿದಿದ್ದ ನನ್ನ ಮಾತನ್ನು ಅವನೂ ಕೇಳಿದ್ದಾನೆ ಅಂತ ಆಮೇಲೆ ತಿಳಿಯಿತು. ಮೊನ್ನೆ ದಸರಾಕ್ಕೆ ಬಂದಿದ್ದ. ಹಿಂದಿನ ದಿನವೇ ಒಂದು ಲೀಟರ್ ಹಾಲು ಹೆಪ್ಪಿಟ್ಟಿದ್ದೆ. ಸೌಟಿನಲ್ಲಿ ಕತ್ತರಿಸುವಷ್ಟು ಗಟ್ಟಿಯಾಗಿತ್ತು. ಬಡಿಸಲು ಬಗ್ಗಿದರೆ, ತಟ್ಟೆಗೆ ಕೈ ಅಡ್ಡ ಹಿಡಿದು, "ಮಜ್ಜಿಗೆ ಇಲ್ವಾ ದೊಡ್ಡಮ್ಮ?" ಅಂದ.

ತಮಾಷೆಗೆ ಅಂದನೋ, ನಿಜವಾಗಿಯೂ ಅದೇ ಇಷ್ಟವೋ, ಕೇಳಲು ನನಗೆ ಬಾಯಿ ಬರಲಿಲ್ಲ. ಒಳಗೆ ಹೋಗಿ ಕಡೆದು, ಇಂಗು ಕರಿಬೇವಿನ ಒಗ್ಗರಣೆ ಕೊಟ್ಟು ತಂದೆ. ಎರಡು ಲೋಟ ಕುಡಿದ.