ಕಣದ ಒಲೆಗೆ ಬೀಡಿನ ಪಾತ್ರೆಯೇ ಲೇಸು

ಅಡಿಕೆ ಸುಲಿತ, ಕಾಫಿ ಕೊಯ್ಲು ಒಂದರ ಬೆನ್ನಿಗೊಂದು ಬರುವ ತಿಂಗಳುಗಳಲ್ಲಿ ನಮ್ಮ ಸದಸ್ಯರ ಮನೆಗಳ ಅಡಿಗೆ ಒಳಗಿಗಿಂತ ಹೊರಗೇ ಹೆಚ್ಚು. ಅಡಿಕೆ ಬೇಯಿಸುವ ಒಲೆಯ ಪಕ್ಕದಲ್ಲೇ ಮೂರು ಕಲ್ಲು ಹೂಡಿ, ಕೆಲಸದವರಿಗೂ ಮನೆಯವರಿಗೂ ಸೇರಿಸಿ ಅನ್ನ, ಹುಳಿ ಮಾಡುವುದು ವಾಡಿಕೆ. ಆ ಒಲೆಯ ಮೇಲೆ ಯಾವ ಪಾತ್ರೆ ಕೂರಬೇಕೆಂಬುದು ಸಣ್ಣ ವಿಷಯವೆಂದು ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಹಳೆಯ ಬೀಡು ಕಬ್ಬಿಣದ ಬಾಣಲೆ, ಕಾವಲಿಗಳನ್ನು ಗುಜರಿಯವನ ತಕ್ಕಡಿಗೆ ಹಾಕಿ ತೆಳು ಅಲ್ಯೂಮಿನಿಯಂ ಪಾತ್ರೆ ತರುವುದು ನಷ್ಟದ ವ್ಯಾಪಾರವೆಂದೇ ನಮ್ಮ ಅಭಿಪ್ರಾಯ.

ಸೌದೆಯ ಉರಿ ಹೇಳಿದ ಮಾತು ಕೇಳುವುದಿಲ್ಲ. ಗಾಳಿ ಬೀಸಿದರೆ ಏರುತ್ತದೆ, ಹಸಿ ಸೌದೆ ಬಿದ್ದರೆ ಇಳಿಯುತ್ತದೆ. ತೆಳು ಪಾತ್ರೆಯ ತಳ ಸೀಯುವುದು ಇದರಿಂದಲೇ. ಬೀಡು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ಉರಿಯ ಏರಿಳಿತವನ್ನು ಅದರ ದಪ್ಪ ಮೈ ತಾಳಿಕೊಳ್ಳುತ್ತದೆ. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ ಹಕ್ಕುಪತ್ರ ಪಡೆದ ಮೇಲೆ ಇಂಥ ಪಾತ್ರೆಗಳು ಅಗ್ಗವಾದವು. ಅಮೆರಿಕದಲ್ಲಿ ಪಶ್ಚಿಮಕ್ಕೆ ವಲಸೆ ಹೋದವರು ಮೂರು ಕಾಲಿನ, ಅಂಚುಳ್ಳ ಮುಚ್ಚಳದ ‘ಡಚ್ ಅವನ್’ ಹೊತ್ತು ನಡೆದರು. ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬಯಲಲ್ಲೇ ರೊಟ್ಟಿ ಬೇಯಿಸಿದರು. ಯೂಟಾ ರಾಜ್ಯ 1997ರಲ್ಲಿ ಅದನ್ನು ತನ್ನ ರಾಜ್ಯದ ಪಾತ್ರೆಯೆಂದೇ ಘೋಷಿಸಿತು. ಅಡಿಕೆ ಬೇಯಿಸಿದ ಒಲೆಯಲ್ಲಿ ಉಳಿಯುವ ರಾಶಿ ಕೆಂಡವನ್ನು ನಾವೂ ಹೀಗೆ ಬಳಸಬಹುದಲ್ಲವೇ?

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ. ಹಣ್ಣು ಕೊಯ್ಯುವ, ಅಡಿಕೆ ಸುಲಿಯುವ ಕೈಗಳು ಬಹುಪಾಲು ಇವರವೇ. ನಮ್ಮ ಮನೆಯ ಹೆಂಗಸರೂ ಈ ಲೆಕ್ಕದಿಂದ ಹೊರಗಿಲ್ಲ. ಇಥಿಯೋಪಿಯದ ಮಕ್ಕಳ ಮೇಲೆ ನಡೆದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷ ಕಬ್ಬಿಣದ ಪಾತ್ರೆಯ ಅಡಿಗೆ ಉಂಡವರ ಹಿಮೋಗ್ಲೋಬಿನ್ ಸರಾಸರಿ 1.7 ಗ್ರಾಂ ಏರಿತು. ಅಲ್ಯೂಮಿನಿಯಂ ಪಾತ್ರೆಯವರದು 0.4 ಗ್ರಾಂ ಮಾತ್ರ. ನೀರು, ಹುಳಿ ಇರುವ ಅಡಿಗೆಗೆ ಪಾತ್ರೆಯ ಕಬ್ಬಿಣ ಹೆಚ್ಚು ಇಳಿಯುತ್ತದೆ. ಒಣಗಿ ಹುರಿದದ್ದಕ್ಕೆ ಕಡಿಮೆ. ಹಾಗೆಂದು ಬಾಣಲೆ ಔಷಧವಲ್ಲ. ಸುಸ್ತು, ಏದುಸಿರು ಇದ್ದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಲೇಬೇಕು. ಕಾಫಿ ಬೆಳೆಗಾರರಾದ ನಾವೇ ಹೇಳಬೇಕಾದ ಮಾತೊಂದಿದೆ: ಊಟದ ಜೊತೆಗೆ ಕುಡಿದ ಕಾಫಿ, ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯುವುದು ಮೇಲು.

ಆಕ್ಷೇಪಣೆಗಳನ್ನು ನಾವು ಕೇಳಿಲ್ಲವೆಂದಲ್ಲ. ಭಾರ ನಿಜ, ತುಂಬಿದ ಪಾತ್ರೆಯನ್ನು ಇಬ್ಬರು ಎತ್ತಲಿ. ತುಕ್ಕು ಹಿಡಿಯುವುದೂ ನಿಜ. ತೊಳೆದೊಡನೆ ಒಲೆಯ ಮೇಲೆ ಒಣಗಿಸಿ ತೆಳ್ಳಗೆ ಎಣ್ಣೆ ಸವರಿದರೆ ಹಿಡಿಯದು. ಹೊಸ ಪಾತ್ರೆಯನ್ನು ಕೆಲವು ದಿನ ಗಂಜಿತಿಳಿಯಲ್ಲಿಟ್ಟು, ಆಮೇಲೆ ಎಣ್ಣೆ ಸವರಿ ಕಾಯಿಸಿ ಪಳಗಿಸುವುದು ನಮ್ಮ ಹೆಂಗಸರಿಗೆ ಗೊತ್ತಿರುವ ವಿದ್ಯೆ. ಹುಳಿ ಕಪ್ಪಾಗುವುದೆಂಬ ದೂರಿದೆ. ಬೆಂದೊಡನೆ ಬೇರೆ ಪಾತ್ರೆಗೆ ಬಗ್ಗಿಸಿದರಾಯಿತು. ಕಾದ ಬೀಡಿಗೆ ತಣ್ಣೀರು ಸುರಿದರೆ ಮಾತ್ರ ಸೀಳುತ್ತದೆ. ಬಿರುಕು ಬಿಟ್ಟ ಬೀಡು ಮತ್ತೆ ಕೆಲಸಕ್ಕೆ ಬರುವುದು ಅಪರೂಪ. ತೋಟದಲ್ಲಿ ಒಲೆ ಹೂಡುವವರು ಸುತ್ತಲಿನ ತರಗೆಲೆ ಗುಡಿಸಿ, ಕೊನೆಗೆ ಕೆಂಡಕ್ಕೆ ನೀರು ಹಾಕಿಯೇ ಏಳಬೇಕು. ಬೇಸಗೆಯ ಒಂದು ಕಿಡಿಗೆ ಇಡೀ ತೋಟ ಸಾಲದು.

ಗೊಬ್ಬರ, ಮೈಲುತುತ್ತಗಳನ್ನು ಒಟ್ಟಿಗೆ ತರಿಸುವ ಸಂಘ ಬೀಡಿನ ಪಾತ್ರೆಗಳನ್ನೂ ಒಟ್ಟಿಗೆ ತರಿಸಬಹುದು. ಒಬ್ಬೊಬ್ಬರೇ ಕೊಳ್ಳಲಾಗದ ದೊಡ್ಡ ಪಾತ್ರೆಗಳನ್ನು ಸಂಘದಲ್ಲಿಟ್ಟು ಕೊಯ್ಲಿನ ಕಾಲಕ್ಕೆ ಸರದಿಯಂತೆ ಕೊಡಲೂಬಹುದು. ಬರುವ ಮಹಾಸಭೆಯಲ್ಲಿ ಸದಸ್ಯರು, ಮುಖ್ಯವಾಗಿ ಒಲೆಯ ಮುಂದೆ ನಿಲ್ಲುವ ಸದಸ್ಯೆಯರು, ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ ಒಂದೇ ವಿನಂತಿ: ಗುಜರಿಯವನನ್ನು ಕರೆಯುವ ಮೊದಲು ಅಟ್ಟದ ಮೇಲಿನ ಬಾಣಲೆಯನ್ನು ಇಳಿಸಿ, ಉಜ್ಜಿ ನೋಡಿ.