ಮಂಡಿಗೆ ಬೇಕಿದ್ದ 30 ಮಿಲಿಮೀಟರ್

ಆರಡಿ ಎರಡಿಂಚು ಎತ್ತರ ಅಂದ್ರೆ ಕೇಳೋಕೆ ಚೆಂದ. ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು, ಹಬ್ಬಕ್ಕೆ ತೋರಣ ಕಟ್ಟೋದು, ಅಟ್ಟದ ಮೇಲಿನ ಡಬ್ಬ ಇಳಿಸೋದು ನಮಗೇ ಮೀಸಲು. ಉಳಿದಂತೆ ಬಸ್ಸಿನ ಸೀಟು, ಅಡುಗೆಮನೆ ಕಟ್ಟೆ, ಹಳೇ ಮನೆಯ ಬಾಗಿಲು ಯಾವುದೂ ನಮ್ಮ ಅಳತೆಯದಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋದನ್ನು ಕೇಳಿ ಕೇಳಿ, ನಾನೇ ಬಗ್ಗಬೇಕು, ನಾನೇ ಮಡಚಿಕೊಳ್ಳಬೇಕು ಅಂತ ಒಪ್ಪಿಕೊಂಡುಬಿಟ್ಟಿದ್ದೆ. ಬೈಕಿನ ವಿಷಯದಲ್ಲೂ ಹಾಗೇ.

ತಿಂಗಳಿಗೊಮ್ಮೆ ಬೆಂಗಳೂರಿನಿಂದ ಹಾಸನಕ್ಕೆ ಬೈಕಲ್ಲೇ ಹೋಗ್ತೀನಿ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ. ಸುಮಾರು 180 ಕಿಲೋಮೀಟರ್. ಕುಣಿಗಲ್ ದಾಟುವವರೆಗೆ ಆರಾಮ. ಆಮೇಲೆ ಮಂಡಿಚಿಪ್ಪಿನ ಹಿಂದೆ ಸಣ್ಣಗೆ ನೋವು ಶುರು. ಬೆಳ್ಳೂರು ಕ್ರಾಸಲ್ಲಿ ಕಾಫಿಗೆ ಇಳಿದರೆ ಮೊದಲ ಹತ್ತು ಹೆಜ್ಜೆ ಮುದುಕನ ನಡಿಗೆ. ದೂರದ ದಾರಿ, ಇಷ್ಟಾದರೂ ನೋಯದೆ ಇರುತ್ತಾ ಅಂತ ಸುಮ್ಮನಿದ್ದೆ.

ಅಪ್ಪ 28 ವರ್ಷ ಬಸ್ ಓಡಿಸಿದವರು. ಎತ್ತರದಲ್ಲಿ ನನ್ನಷ್ಟೇ. ಕ್ಲಚ್ ತುಳಿದು ತುಳಿದು ಎಡಮಂಡಿ ಹೋಗಿದೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲು. ಒಂದು ಸಲ ಹಾಗೆ ಇಳಿಯುತ್ತಿದ್ದರು, ಹಿಂದೆ ನಾನೂ ಕಂಬಿ ಹಿಡಿದುಕೊಂಡು ಇಳಿಯುತ್ತಿದ್ದೆ. ತಿರುಗಿ ನೋಡಿದರು.

"ನಿಂಗೆಷ್ಟೋ ವಯಸ್ಸು?"

"ಮೂವತ್ತೊಂದಪ್ಪ."

ಕೆಳಗಿಳಿದು ಕೂತ ಮೇಲೆ ಹೇಳಿದರು. "ನಂಗೆ ಸಿಕ್ಕಿದ್ ಗಾಡಿಗಳಲ್ಲಿ ಸೀಟು ಅಷ್ಟು ಹಿಂದಕ್ಕೆ ಹೋಗ್ತಿರ್ಲಿಲ್ಲ. ಅಡ್ಜಸ್ಟ್ ಮಾಡ್ಕೊಂಡೇ ಓಡಿಸ್ದೆ. ಬಸ್ಸು ನಂದಲ್ಲ, ಬಿಚ್ಚೋ ಹಾಗಿರ್ಲಿಲ್ಲ. ನಿನ್ ಗಾಡಿ ನಿಂದೇ ತಾನೇ?"

ಆ ಮಾತು ನಾಟಿತು. ಬೆಂಗಳೂರಿಗೆ ಬಂದವನೇ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ದೊಡ್ಡ ತೊಂದರೆ ಏನಿಲ್ಲ ಅಂದರು. ಮಂಡಿ ಹೆಚ್ಚು ಮಡಚಿದಷ್ಟೂ ಚಿಪ್ಪು ತೊಡೆಮೂಳೆಯ ಮೇಲೆ ಹೆಚ್ಚು ಒತ್ತುತ್ತೆ, ನೀವು ಮೂರು ಗಂಟೆ ಹಾಗೇ ಕೂರ್ತೀರಿ, ಅದಕ್ಕೇ ಈ ನೋವು ಅಂದರು. ತೊಡೆಗೆ ನಾಲ್ಕು ವ್ಯಾಯಾಮ ಹೇಳಿಕೊಟ್ಟರು. ಆಮೇಲೆ ಒಂದು ಪ್ರಶ್ನೆ: "ಬೈಕ್ ಮೇಲೆ ನಿಮ್ಮ ಮಂಡಿ ಎಷ್ಟು ಮಡಚಿರುತ್ತೆ, ನೋಡಿದ್ದೀರಾ?"

ನೋಡಿರಲಿಲ್ಲ. ನೀವೂ ನೋಡಿರಲ್ಲ. ಸುಲಭ. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ರೈಡಿಂಗ್ ಶೂ ಹಾಕಿಕೊಂಡು, ಎಂದಿನಂತೆ ಕೂರಿ. ಯಾರಾದರೂ ನಿಮ್ಮ ಸೊಂಟದ ಎತ್ತರದಲ್ಲಿ ಫೋನ್ ಹಿಡಿದು, ನೇರ ಪಕ್ಕದಿಂದ ಫೋಟೋ ತೆಗೆಯಲಿ. ಸೊಂಟದ ಕೀಲು, ಮಂಡಿ, ಹಿಮ್ಮಡಿಯ ಗಂಟು, ಈ ಮೂರು ಚುಕ್ಕಿ ಸೇರಿಸಿ ಗೆರೆ ಎಳೆಯಿರಿ. ಕೋನ ಅಳೆಯೋ ಆಪ್ ಇದ್ದೇ ಇದೆ. ನನ್ನ ಹೆಂಡತಿ ತೆಗೆದ ಫೋಟೋದಲ್ಲಿ ನನ್ನ ಮಂಡಿ 78 ಡಿಗ್ರಿ. ಕುರ್ಚಿಯಲ್ಲಿ ನೆಟ್ಟಗೆ ಕೂತರೆ 90. ಅಂದರೆ ಕುರ್ಚಿಗಿಂತ ಹೆಚ್ಚು ಮಡಚಿಕೊಂಡು ನಾನು ಹಾಸನಕ್ಕೆ ಹೋಗ್ತಿದ್ದೆ. "ಮಗ್ಗಿ ಹೇಳ್ತಾ ಚಿಕ್ಕ ಸ್ಟೂಲ್ ಮೇಲೆ ಕೂತ ಹಾಗಿದೆ" ಅಂದಳು.

ಬೈಕ್ ಕೊಳ್ಳುವಾಗ ನಾವೆಲ್ಲ ಕೇಳೋದು ಸೀಟಿನ ಎತ್ತರ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 805 ಮಿ.ಮೀ., ಹಂಟರ್‌ಗೆ 790, ಹೀಗೆ. ಅದು ಕಾಲು ನೆಲಕ್ಕೆ ಎಟುಕುತ್ತಾ ಅನ್ನೋ ಚಿಂತೆ ಇರೋರಿಗೆ ಬೇಕಾದ ಲೆಕ್ಕ. ಉದ್ದ ಕಾಲಿನವರಿಗೆ ಬೇಕಾದ್ದು ಸೀಟಿನಿಂದ ಫುಟ್‌ರೆಸ್ಟ್‌ಗೆ ಇರೋ ಅಂತರ. ಷೋರೂಮಲ್ಲಿ ಕೊಡೋ ಚೀಟಿಯಲ್ಲಿ ಅದನ್ನು ನಾನು ಕಂಡಿಲ್ಲ. ಟೇಪ್ ಹಿಡಿದು ನಾವೇ ಅಳೀಬೇಕು.

ಆ ಅಂತರ ಹೆಚ್ಚಿಸೋಕೆ ಎರಡೇ ದಾರಿ. ಸೀಟು ಏರಿಸಬೇಕು, ಇಲ್ಲ ಫುಟ್‌ರೆಸ್ಟ್ ಇಳಿಸಬೇಕು. ನಾನು ಎರಡನೆಯದನ್ನು ಆರಿಸಿದೆ. ಜೆ.ಸಿ. ರಸ್ತೆಯಲ್ಲಿ ನನ್ನ ಬೈಕಿಗೆ ಹೊಂದುವ, ಫುಟ್‌ರೆಸ್ಟನ್ನು 30 ಮಿ.ಮೀ. ಕೆಳಗಿಳಿಸೋ ಬ್ರಾಕೆಟ್ ಜೋಡಿ ಸಿಕ್ಕಿತು. ಶನಿವಾರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಕೂತೆ. ಫುಟ್‌ರೆಸ್ಟನ್ನು ಹಿಡಿದಿರೋದು ಒಂದು ದಪ್ಪ ಪಿನ್, ಅದರ ತುದಿಗೊಂದು ಸ್ಪ್ಲಿಟ್ ಪಿನ್, ಜತೆಗೊಂದು ಸ್ಪ್ರಿಂಗ್. ಸ್ಪ್ಲಿಟ್ ಪಿನ್ ತೆಗೆದ ತಕ್ಷಣ ಸ್ಪ್ರಿಂಗ್ ಹಾರಿ ಪಕ್ಕದ ಮನೆಯವರ ಕಾರಿನಡಿ ಸೇರಿತು. ಅದನ್ನು ಹುಡುಕಿದ್ದೇ ಅರ್ಧ ಗಂಟೆ. ಮಿಕ್ಕ ಕೆಲಸ ನಲವತ್ತು ನಿಮಿಷ. ಕೂತು ನೋಡಿದೆ. ಸ್ವರ್ಗ!

ಮರುದಿನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಬೆಳ್ಳೂರು ಕ್ರಾಸಲ್ಲಿ ಇಳಿದಾಗ ಮಂಡಿ ತೆಪ್ಪಗಿತ್ತು. ಹೊಸ ಹುರುಪಲ್ಲಿ ಹೊರಟವನಿಗೆ ಚನ್ನರಾಯಪಟ್ಟಣಕ್ಕೆ ಇನ್ನೇನು ಕೆಲವೇ ಕಿಲೋಮೀಟರ್ ಇದೆ ಅನ್ನುವಾಗ, ಎಡಗಡೆಯಿಂದ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಅಡ್ಡ ಬಂತು. ಬಲಗಾಲು ಬ್ರೇಕಿಗೆ ಹೋಯಿತು. ಬ್ರೇಕ್ ಸಿಗಲಿಲ್ಲ. ಪಾದ 30 ಮಿ.ಮೀ. ಕೆಳಗಿತ್ತು, ಪೆಡಲ್ ಇದ್ದಲ್ಲೇ ಇತ್ತು. ಬೂಟಿನ ತುದಿ ಪೆಡಲಿನ ಕೆಳಗೆ ತೂರಿಕೊಂಡಿತು. ಕೈಬ್ರೇಕೊಂದೇ ಗತಿ. ಟ್ರೈಲರಿನ ಹಿಂದಿನ ಚಕ್ರಕ್ಕೆ ಒಂದು ಮಾರು ಇರುವಾಗ ಬೈಕ್ ನಿಂತಿತು. ಹಿಂದೆ ಕೂತವಳು ನನ್ನ ಜಾಕೆಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಬಿಡಿಸಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕಾಯಿತು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಧಾನಕ್ಕೆ ಪಟ್ಟಣದವರೆಗೆ ಹೋಗಿ, ಕಂಡ ಮೊದಲ ಮೆಕ್ಯಾನಿಕ್ ಅಂಗಡಿಗೆ ನುಗ್ಗಿದೆ. ವಯಸ್ಸಾದವರು. ಬಗ್ಗಿ ನೋಡಿ ನಕ್ಕರು. "ಏನ್ ಸಾರ್, ಕಾಲು ಕೆಳಗಿಳಿಸಿದ್ದೀರಾ, ಪೆಡಲ್ಲು ಮೇಲೇ ಬಿಟ್ಟಿದ್ದೀರಾ. ಅವೆರಡೂ ಒಟ್ಟಿಗೆ ಸಂಸಾರ ಮಾಡೋದು ಬೇಡ್ವಾ?"

ಅವರು ಮಾಡಿದ್ದನ್ನು ಪಕ್ಕದಲ್ಲಿ ನಿಂತು ಕಲಿತೆ. ನಿಮಗೂ ಬೇಕಾಗಬಹುದು.

ಮೊದಲು ಬ್ರೇಕ್. ನನ್ನ ಬೈಕಿಗೆ ಹಿಂದೆಯೂ ಡಿಸ್ಕ್. ಮಾಸ್ಟರ್ ಸಿಲಿಂಡರ್‌ಗೆ ಹೋಗೋ ಕಡ್ಡಿಯ ಲಾಕ್ ನಟ್ ಸಡಿಲಿಸಿ, ಕಡ್ಡಿ ತಿರುಗಿಸಿ, ಪೆಡಲನ್ನು ಪಾದದ ಮಟ್ಟಕ್ಕೆ ತಂದರು. ಪಾದ ಎತ್ತದೆ, ಬೆರಳ ಬುಡದಿಂದ ಒತ್ತೋಕೆ ಆಗಬೇಕು. ಹಾಗಂತ ಪಾದ ಸದಾ ಪೆಡಲಿನ ಮೇಲೆ ಕೂತಿರಬಾರದು. ಒತ್ತಿದಾಗ ಮೊದಲು ಸ್ವಲ್ಪ ಸಡಿಲ ಇರಬೇಕು, ಇಲ್ಲದಿದ್ದರೆ ಬ್ರೇಕ್ ಉಜ್ಜುತ್ತಲೇ ಇದ್ದು ಬಿಸಿಯಾಗುತ್ತೆ. ಡಬಲ್ ಸ್ಟ್ಯಾಂಡ್ ಹಾಕಿ, ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ತೋರಿಸಿದರು. ಸಲೀಸಾಗಿ ತಿರುಗಬೇಕು. ಡ್ರಮ್ ಬ್ರೇಕ್ ಇದ್ದರೆ ಪೆಡಲ್ ಸರಿಮಾಡಿದ ಮೇಲೆ ಹಿಂದಿನ ಚಕ್ರದ ಹತ್ತಿರ ಕಡ್ಡಿಯ ತುದಿಯಲ್ಲಿರೋ ನಟ್ಟನ್ನೂ ನೋಡಬೇಕು. ಪೆಡಲ್ ಒತ್ತಿದಾಗ ಮಾತ್ರ ಬ್ರೇಕ್ ಲೈಟ್ ಹತ್ತುತ್ತಾ ಅಂತ ಮರೆಯದೆ ಪರೀಕ್ಷಿಸಿ.

ಆಮೇಲೆ ಗೇರ್. ಲಿವರಿಗೆ ಉದ್ದ ಕಡ್ಡಿ ಇದ್ದರೆ ಎರಡೂ ತುದಿಯ ಲಾಕ್ ನಟ್ ಸಡಿಲಿಸಿ ಕಡ್ಡಿ ತಿರುಗಿಸಿದರೆ ಲಿವರ್ ಏರುತ್ತೆ, ಇಳಿಯುತ್ತೆ. ಒಂದು ಕಡೆಯ ನಟ್ಟಿಗೆ ಸಾಮಾನ್ಯವಾಗಿ ಉಲ್ಟಾ ಥ್ರೆಡ್, ಬಲವಂತ ಮಾಡಬೇಡಿ. ಕಡ್ಡಿ ಇಲ್ಲದ ಬೈಕಲ್ಲಿ ಲಿವರನ್ನು ಬಿಚ್ಚಿ ಒಂದು ಹಲ್ಲು ಸರಿಸಿ ಹಾಕ್ತಾರೆ.

ಕೊನೆಗೆ ಫುಟ್‌ರೆಸ್ಟ್. ಅದು ಮೊದಲಿನಂತೆ ಮೇಲಕ್ಕೆ ಮಡಚಿ, ಸ್ಪ್ರಿಂಗ್ ಬಲದಿಂದ ತಾನೇ ವಾಪಸ್ ಬರಬೇಕು. ತಿರುವಿನಲ್ಲಿ ಬೈಕ್ ವಾಲಿದಾಗ ನೆಲಕ್ಕೆ ತಗುಲಿದರೆ ಮಡಚಿಕೊಳ್ಳಲಿ ಅಂತಲೇ ಹಾಗೆ ಮಾಡಿರೋದು. ಇಳಿಸಿದ ಮೇಲೆ ಅದು ಮೊದಲಿಗಿಂತ ಬೇಗ ನೆಲಕ್ಕೆ ತಗುಲುತ್ತೆ. ಶಿರಾಡಿ, ಚಾರ್ಮಾಡಿ ಕಡೆ ತಿರುವುಗಳಲ್ಲಿ ವಾಲಿಸಿ ಓಡಿಸೋರು ಈ ಲೆಕ್ಕ ಇಟ್ಟುಕೊಳ್ಳಿ. ಕಡಿಮೆ ಖರ್ಚು ಅಂತ ಕಬ್ಬಿಣದ ತುಂಡು ವೆಲ್ಡ್ ಮಾಡಿಸಬೇಡಿ. ನಿಮ್ಮ ಭಾರದ ಜತೆ ಬೈಕಿನ ನಡುಕವನ್ನೂ ತಡೆಯಬೇಕಾದ ಜಾಗ ಅದು. ಬಿಚ್ಚಿ ಮತ್ತೆ ಮೊದಲಿನಂತೆ ಮಾಡಬಹುದಾದ ಬ್ರಾಕೆಟ್ಟೇ ಸರಿ. ವಾರಂಟಿ ಇದ್ದರೆ ಮೊದಲು ಸರ್ವಿಸ್ ಸೆಂಟರಲ್ಲಿ ಕೇಳಿ. ಹಾಕಿಸಿ ನೂರು ಕಿಲೋಮೀಟರ್ ಆದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.

"ಇನ್ನೂ ಬೇಕಂದ್ರೆ ಕಾಲು ಇಳಿಸ್ಬೇಡಿ ಸಾರ್, ಸೀಟು ಏರಿಸಿ" ಅಂದರು. ಕುಶನ್ ಅಂಗಡಿಯಲ್ಲಿ 20 ಮಿ.ಮೀ. ಗಟ್ಟಿ ಫೋಮ್ ಸೇರಿಸಿಕೊಂಡೆ. ನೆಲ ಮುಟ್ಟೋದು ನನ್ನಂಥವರಿಗೆ ಸಮಸ್ಯೆಯೇ ಅಲ್ಲ. ಈಗ ಮಂಡಿ 86 ಡಿಗ್ರಿ. ಎಂಟು ಡಿಗ್ರಿ ಅಂದರೆ ಏನು ಮಹಾ ಅನ್ನಿಸಬಹುದು. ಹಾಸನದಲ್ಲಿ ಇಳಿದಾಗ ಮಹಾ ಅಂತಲೇ ಅನ್ನಿಸುತ್ತೆ. ಆದರೂ ಗಂಟೆಗೊಮ್ಮೆ ಇಳಿದು ನಡೆಯೋದನ್ನು ಬಿಟ್ಟಿಲ್ಲ.

ಟ್ರ್ಯಾಕ್ಟರಿನ ದಿನ ಮನೆ ತಲುಪಿದಾಗ ಅಪ್ಪ ಬೈಕಿನ ಸುತ್ತ ಒಂದು ಸುತ್ತು ಹಾಕಿ, ಪೆಡಲನ್ನು ಕೈಯಲ್ಲಿ ಒತ್ತಿ ನೋಡಿದರು. ನಾನು ಏನೂ ಹೇಳಲಿಲ್ಲ. ಹೆಂಡತಿ ಎಲ್ಲ ಹೇಳಿದಳು. ಅಪ್ಪ ಗದರಲಿಲ್ಲ. "ಸೀಟಲ್ಲಿ ಕೂತು, ಕಾಲು ಮೂರು ಪೆಡಲ್ಗೂ ಹೋಗುತ್ತಾ ಅಂತ ನೋಡ್ದೆ ನಾನು ಒಂದಿನಾನೂ ಗಾಡಿ ತೆಗ್ದಿಲ್ಲ ಕಣೋ" ಅಂದರು. ಹೇಳಿ, ಎರಡೂ ಕೈ ಊರಿ, ಅಮ್ಮನ ಭುಜ ಹಿಡಿದು, ತಮ್ಮ ಬೆತ್ತದ ಕುರ್ಚಿಯಿಂದ ಎದ್ದರು.

ಆಗ ಆ ಕುರ್ಚಿ ನನ್ನ ಕಣ್ಣಿಗೆ ಬಿತ್ತು. ಇಷ್ಟು ವರ್ಷದಿಂದ ಅಲ್ಲೇ ಇದೆ. ತೀರಾ ತಗ್ಗು. ಅಪ್ಪನನ್ನು ಮತ್ತೆ ಕೂರಿಸಿ ಪಕ್ಕದಿಂದ ಫೋಟೋ ತೆಗೆದೆ. ಅದೇ ಮೂರು ಚುಕ್ಕಿ, ಅದೇ ಗೆರೆ. ಅವರ ಕೋನ ನನ್ನದಕ್ಕಿಂತ ಕಡಿಮೆ.

ಮರುದಿನ ಬಡಗಿಯ ಹತ್ತಿರ ಮೂರಿಂಚಿನ ನಾಲ್ಕು ಮರದ ತುಂಡು ಮಾಡಿಸಿ, ಜಾರದ ಹಾಗೆ ಕಾಲು ಕೂರೋಕೆ ಗುಳಿ ತೆಗೆಸಿ, ಕುರ್ಚಿಯ ಕೆಳಗಿಟ್ಟೆ. ಅಪ್ಪ ಕೂತರು. ಎದ್ದರು. ಅಮ್ಮನ ಭುಜ ಬೇಕಾಗಲಿಲ್ಲ. ಮತ್ತೆ ಕೂತು ಮತ್ತೆ ಎದ್ದರು.

"ಇಷ್ಟೇನಾ?" ಅಂದರು.

ಅಮ್ಮನಿಗೆ ಮಾತ್ರ ಈಗ ಆ ಕುರ್ಚಿ ಎತ್ತರ. ಕೂತರೆ ಕಾಲು ನೆಲಕ್ಕೆ ಸಿಗೋದಿಲ್ಲ. ಅವಳಿಗೆ ಬೇರೆ ಕುರ್ಚಿ ತರಬೇಕು. ಈ ಸಲ ಟೇಪ್ ತಗೊಂಡೇ ಅಂಗಡಿಗೆ ಹೋಗ್ತೀನಿ.