ಕೆಮ್ಮಿನ ಮರೆಯಲ್ಲಿ ಹೊಟ್ಟೆನೋವು

ಬಂಡೀಪುರದ ಕಾಡಂಚಿನ ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಅಪೆಂಡಿಕ್ಸ್ ಒಡೆಯುವ ಹಂತದಲ್ಲಿರುವ ರೋಗಿಗೆ ಈ ದೂರಕ್ಕಿಂತಲೂ ಅಪಾಯಕಾರಿಯಾದುದು ಮನೆಯೊಳಗೆ ವ್ಯರ್ಥವಾಗುವ ಸಮಯ. ಜ್ವರ, ಕೆಮ್ಮು ಜೊತೆಗಿದ್ದರಂತೂ 'ವೈರಲ್ ಜ್ವರ, ಎರಡು ದಿನದಲ್ಲಿ ಇಳಿಯುತ್ತದೆ' ಎಂಬ ಸಮಾಧಾನದಲ್ಲಿ ಹೊಟ್ಟೆನೋವು ಲೆಕ್ಕಕ್ಕೇ ಬರುವುದಿಲ್ಲ.

ಕೊರೋನಾ ಕಲಿಸಿದ ಪಾಠವನ್ನು ನಾವು ಮರೆಯಬಾರದು. ಆ ಸೋಂಕು ಕೆಲವರಲ್ಲಿ ಕರುಳಿನ ರಕ್ತನಾಳಗಳಲ್ಲಿ ರಕ್ತವನ್ನು ಹೆಪ್ಪುಗಟ್ಟಿಸಿ ಕರುಳನ್ನೇ ಕೊಳೆಸಿತು. ಇನ್ನು ಕೆಲವರಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ಅಪೆಂಡಿಕ್ಸ್‌ನಂತೆಯೇ ತೋರುವ ನೋವು ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಯಿತು. ಇವೆರಡನ್ನು ಬೇರ್ಪಡಿಸಿ ನೋಡಬಲ್ಲವರು ವೈದ್ಯರೇ ಹೊರತು ನಾವಲ್ಲ.

2020ರ ಮೇ ತಿಂಗಳಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯು 24 ದೇಶಗಳ 1,128 ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಕೊರೋನಾ ಸೋಂಕಿದ್ದ ಅವರಲ್ಲಿ ಶೇ. 23.8 ಮಂದಿ 30 ದಿನಗಳೊಳಗೆ ಮೃತಪಟ್ಟಿದ್ದರು. ಆದ್ದರಿಂದಲೇ ಕಾಯಬಹುದಾದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಲಾಯಿತು. ಆದರೆ ತೂತುಬಿದ್ದ ಕರುಳು ಕಾಯುತ್ತದೆಯೇ?

2020ರಲ್ಲಿ ದೆಹಲಿಯ ತಬ್ಲೀಗ್ ಸಮಾವೇಶದ ನೆಪದಲ್ಲಿ ಇಡೀ ಸಮುದಾಯವನ್ನೇ ಸೋಂಕಿನ ಹೆಸರಿನಲ್ಲಿ ದೂಷಿಸಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿತು. ಆ ಅವಮಾನ ನಿಜ. ಆದರೆ ಅದರ ಭಯದಿಂದ ಕೆಮ್ಮನ್ನು ವೈದ್ಯರಿಂದ ಮುಚ್ಚಿಟ್ಟರೆ ಬೆಲೆ ತೆರುವವನು ರೋಗಿಯೇ. ಅರಿವಳಿಕೆ ನೀಡುವ ವೈದ್ಯರಿಗೆ ಶ್ವಾಸಕೋಶದ ಸ್ಥಿತಿ ಮೊದಲೇ ತಿಳಿದಿರಲೇಬೇಕು.

ಹೊಣೆ ರೋಗಿಯದು ಮಾತ್ರವಲ್ಲ. ಸೋಂಕಿತನಿಗೆ ಶಸ್ತ್ರಚಿಕಿತ್ಸೆಯಾದರೆ ಸಾಲದು, ಬಳಿಕ ಆಮ್ಲಜನಕವೂ ಬೇಕು. 2021ರ ಮೇ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ಅಸುನೀಗಿದ್ದನ್ನು ಸರಕಾರಗಳು ಮರೆಯಬಾರದು. ತುರ್ತು ಸ್ಥಿತಿಯಲ್ಲಿರುವವನ ಜೀವ ಉಳಿಸಲು ಯತ್ನಿಸುವುದು ಸರಕಾರಿ, ಖಾಸಗಿ ವೈದ್ಯರಿಬ್ಬರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ಸೋಂಕಿನ ನೆಪದಲ್ಲಿ ಬಾಗಿಲು ಮುಚ್ಚುವುದು ಆ ಕರ್ತವ್ಯಕ್ಕೆ ಬಗೆದ ದ್ರೋಹ.

ಹೊಕ್ಕುಳ ಸುತ್ತ ಆರಂಭವಾಗಿ ಬಲಗಡೆ ಕೆಳಕ್ಕಿಳಿಯುವ ನೋವು, ಕಲ್ಲಿನಂತೆ ಗಟ್ಟಿಯಾದ ಹೊಟ್ಟೆ, ನಿಲ್ಲದ ವಾಂತಿ, ಮಲವಾಯು ಕಟ್ಟುವುದು – ಇವುಗಳಲ್ಲಿ ಯಾವುದೇ ಒಂದು ಕಂಡರೂ ನೋವಿನ ಮಾತ್ರೆ ನುಂಗಿಸಿ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಕೆಮ್ಮು ಜ್ವರಗಳನ್ನೂ ಮುಚ್ಚಿಡದೆ ಹೇಳಿ. ಮರ್ಯಾದೆಯ ಭಯಕ್ಕಿಂತ ಮನೆಯವರ ಜೀವ ದೊಡ್ಡದಲ್ಲವೇ?